ಅರಳಿಯ ಎಲೆ, ಬೇವಿನ ಬೇರು

ಮನುಷ್ಯನಿಗೆ ಬೇರುಗಳಿರಬೇಕು, ಬೇರಿಲ್ಲದ ಬದುಕು ಬದುಕೇ ಅಲ್ಲ ಎಂದು ಸಭೆಗಳಲ್ಲಿ ಶಾಲು ಹೊದ್ದವರು ಹೇಳುತ್ತಾರೆ. ನಾನು ಇದನ್ನು ಗೌರವದಿಂದ ಒಪ್ಪುತ್ತೇನೆ. ಆದರೆ ಬೇರಿರುವ ಮರವೊಂದನ್ನು ಎತ್ತಿ ಇನ್ನೊಂದು ಕಡೆ ನೆಡುವ ಕೆಲಸ ಪಾಲಿಗೆ ಬಂದಾಗ, ಇವಕ್ಕೆ ಬೇರಿನ ಬದಲು ನಾಲ್ಕು ಗಾಲಿ ಕೊಟ್ಟಿದ್ದರೆ ಆ ಸೃಷ್ಟಿಕರ್ತನ ಗಂಟೇನು ಹೋಗುತ್ತಿತ್ತು ಎಂದು ಸಿಟ್ಟು ಬಂದದ್ದೂ ಉಂಟು.

ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯ ವಸತಿ ಕಾಲೋನಿಯಲ್ಲಿ ಮರಗಳ ಮೇಲ್ವಿಚಾರಣೆ ನನ್ನದು. ಹೂದೋಟ, ಹುಲ್ಲುಹಾಸು, ದೊಡ್ಡವರ ಬಂಗಲೆಯ ಗುಲಾಬಿ, ಇವೆಲ್ಲ ಇನ್ನೊಬ್ಬರ ಪಾಲು. ಅವರು ಮೈಸೂರಿನ ಕಡೆಯವರು, ನಾನು ಕಲಬುರಗಿ ಕಡೆಯವನು. ಕಾಲೋನಿಯ ಕನ್ನಡಿಗರು ನಮ್ಮನ್ನು ಜೋಡೆತ್ತು ಎನ್ನುತ್ತಾರೆ. ಜೋಡೆತ್ತಿನಲ್ಲಿ ಒಂದು ತನ್ನ ಮೇವು ತಿನ್ನುತ್ತದೆ, ಇನ್ನೊಂದು ಪಕ್ಕದ್ದರ ಮೇವನ್ನು ನೋಡುತ್ತಿರುತ್ತದೆ. ನೋಡುವ ಎತ್ತು ನಾನು. ಅವರ ಗುಲಾಬಿಗೆ ಬಹುಮಾನ ಬರುತ್ತಿತ್ತು; ನನ್ನ ಮರದ ಕೊಂಬೆ ಯಾರದಾದರೂ ಕಾರಿನ ಮೇಲೆ ಬಿದ್ದಾಗ ನನಗೆ ನೋಟಿಸು ಬರುತ್ತಿತ್ತು.

ಒಂದು ಮುಂಗಾರಿನ ಆರಂಭದಲ್ಲಿ ನಮ್ಮ ಎಸ್ಟೇಟ್ ಸಾಹೇಬರು ಇಬ್ಬರನ್ನೂ ಕರೆಸಿದರು. ಸಾಹೇಬರು ತೆಲುಗಿನವರು. ಅವರ ಮಾತನ್ನು ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ; ಗದರಿಕೆ ಮಾತ್ರ ಯಾವ ಭಾಷೆಗೂ ಇಳಿಯುವಂಥದ್ದಲ್ಲ.

"ಕಾರ್ಖಾನೆ ಗೇಟಿನ ರಸ್ತೆ ಅಗಲ ಮಾಡ್ಬೇಕು. ಸಾಲುಮರ ಎಲ್ಲಾ ಅಡ್ಡ ಬರ್ತಾವೆ. ಕಡಿಯೋದಕ್ಕೆ ಮೊದಲು ಒಂದು ಅವಕಾಶ ಕೊಡ್ತೀನಿ. ಒಂದು ಅರಳಿ, ಒಂದು ಬೇವು, ಈ ಎರಡನ್ನ ಪ್ರಯೋಗಕ್ಕೆ ತಗೊಳ್ಳಿ. ಯಾರ ಪದ್ಧತಿ ಗೆಲ್ಲುತ್ತೋ ಆ ಪದ್ಧತಿಯಲ್ಲಿ ಸಾಲು ಪೂರ್ತಿ ಎತ್ತಿ ಬೇರೆ ಕಡೆ ನೆಡೋಣ. ಎರಡೂ ಸೋತರೆ ಗರಗಸ."

ಆ ಸಾಲಿನ ಹೊಂಗೆ, ಬೇವುಗಳನ್ನು ಸಸಿಯಿಂದ ಬೆಳೆಸಿದವನು ನಾನು. ಆಡು, ಎಮ್ಮೆ, ಕೊಂಬೆ ಮುರಿದು ಹಲ್ಲುಜ್ಜುವ ಹಿರಿಯರು, ಎಲ್ಲರನ್ನೂ ಹೆದರಿಸಿ ಉಳಿಸಿಕೊಂಡ ಮರಗಳು ಅವು. ಅವನ್ನು ಎತ್ತುವುದೇ ಆದರೆ ನಾನೇ ಎತ್ತಬೇಕು ಎಂಬುದು ನನ್ನ ಮನಸ್ಸಿನಲ್ಲಿ ಆ ಕ್ಷಣವೇ ನಿಶ್ಚಯವಾಯಿತು. ಬಾಯಿ ತೆರೆಯುವಷ್ಟರಲ್ಲಿ ಮೈಸೂರಿನವರು ಕೈ ಎತ್ತಿದ್ದರು.

"ಸಾರ್, ಅರಳಿ ನಾನ್ ತಗೋತೀನಿ. ಅಶ್ವತ್ಥ ಅಲ್ವಾ, ಮನಸ್ಸಿಗೊಂದು ಸಮಾಧಾನ ಇರುತ್ತೆ."

ಸಮಾಧಾನ ಇರದೆ ಏನು! ಅರಳಿ ಎಂಬುದು ಹಕ್ಕಿ ಹಿಕ್ಕೆ ಹಾಕಿದಲ್ಲೆಲ್ಲ ಹುಟ್ಟುವ ಜಾತಿ. ಗೋಡೆಯ ಬಿರುಕು, ನೀರಿನ ಟಾಕಿಯ ನೆತ್ತಿ, ಹಳೇ ಸಿಮೆಂಟಿನ ಕೊಳವೆ, ಯಾವುದಕ್ಕೂ ಬೇಡ ಎನ್ನುವುದಿಲ್ಲ. ಕೊಂಬೆ ಕಡಿದು ನೆಟ್ಟರೂ ಬೇರು ಬಿಡುತ್ತದೆ. ಬೇವು ಹಾಗಲ್ಲ. ಅದು ಮೊದಲು ತಾಯಿಬೇರನ್ನು ನೇರ ಕೆಳಗೆ ಇಳಿಸಿ, ಬಂಡೆಯ ಸಂದು ಹುಡುಕಿ, ಇನ್ನು ತನ್ನನ್ನು ಯಾರೂ ಅಲುಗಿಸಲಾರರು ಎಂದು ಖಾತ್ರಿ ಮಾಡಿಕೊಂಡ ಮೇಲೆ ಮೇಲಿನ ಸಂಸಾರ ನೋಡುವ ಗಿಡ. ನನ್ನ ಪಾಲಿಗೆ ಬಂದದ್ದು ಅದು.

ಅವರ ಕೆಲಸ ಒಂದೇ ಬೆಳಿಗ್ಗೆಯಲ್ಲಿ ಮುಗಿಯಿತು. ಜೆಸಿಬಿ ಬಂದು ಸುತ್ತ ಅಗೆಯಿತು, ನಾಚಾರಂನಿಂದ ಬಾಡಿಗೆಗೆ ಬಂದ ಕ್ರೇನು ಎತ್ತಿತು. ಕಡಿದ ಬೇರುಗಳಿಗೆ ಬೇರು ಬರಿಸುವ ಪುಡಿ ಸವರಿದರು. ಕಾಲೋನಿಯ ಉದ್ಯಾನದ ನಟ್ಟನಡುವೆ ಮೊದಲೇ ತೋಡಿಸಿಟ್ಟಿದ್ದ ಗುಂಡಿಗೆ ಅರಳಿ ಇಳಿಯಿತು. ಫೋಟೋ ತೆಗೆದರು. ಮೈಸೂರಿನವರು ಎಲ್ಲರಿಗೂ ಪೇಡೆ ಹಂಚಿದರು. ನನಗೆ ಎರಡು ಕೊಟ್ಟರು. ಪೇಡೆ ಚೆನ್ನಾಗಿತ್ತು ಎಂಬುದು ಇನ್ನಷ್ಟು ಬೇಸರದ ಸಂಗತಿ.

ನನ್ನದು ಹಳೇ ಪದ್ಧತಿ. ಅದನ್ನು ಸ್ವಲ್ಪ ವಿವರಿಸಬೇಕು. ಮರ ಎತ್ತುವವರು ಸಾಧಾರಣವಾಗಿ ಬುಡದ ದಪ್ಪ ಬೇರುಗಳನ್ನು ಜೋಪಾನ ಮಾಡುತ್ತಾರೆ, ಏಕೆಂದರೆ ಕಣ್ಣಿಗೆ ಕಾಣುವುದು ಅವೇ. ದಪ್ಪ ಬೇರಿನ ಕೆಲಸ ಹಿಡಿದು ನಿಲ್ಲಿಸುವುದು, ಬಂದ ನೀರನ್ನು ಸಾಗಿಸುವುದು, ಒಂದಿಷ್ಟು ಆಹಾರ ಕೂಡಿಡುವುದು. ನೀರು ಕುಡಿಯುವ ಕೆಲಸ ಅವುಗಳದ್ದಲ್ಲ. ಅದನ್ನು ಮಾಡುವುದು ದೂರದಲ್ಲಿ, ಕವಲಿನ ಕವಲಿನ ತುದಿಯಲ್ಲಿರುವ ದಾರದಂಥ ಬಿಳಿ ಬೇರುಗಳು. ಅವುಗಳ ತುದಿಗೊಂದು ಟೊಪ್ಪಿಗೆ; ಮಣ್ಣಿನಲ್ಲಿ ನುಗ್ಗುವಾಗ ಸವೆಯುವುದು ಅದರ ಪಾಲು. ಟೊಪ್ಪಿಗೆಯಿಂದ ಚೂರು ಹಿಂದೆ ಬೆಳೆಯುವ ಭಾಗ, ಅದರ ಹಿಂದೆ ಮಖಮಲ್ಲಿನ ನವಿರಿನಂಥ ರೋಮ. ಆ ರೋಮವೇ ಮಣ್ಣಿನ ಕಣಕಣಕ್ಕೆ ಅಂಟಿಕೊಂಡು ನೀರನ್ನೂ ಅದರಲ್ಲಿ ಕರಗಿದ ಲವಣವನ್ನೂ ಎಳೆದುಕೊಳ್ಳುತ್ತದೆ. ಕ್ರೇನು ಎತ್ತಿದ ಮುದ್ದೆಯಲ್ಲಿ ಈ ಬಿಳಿ ಬೇರು ಹೆಚ್ಚಾಗಿ ಇರುವುದೇ ಇಲ್ಲ. ಅವು ಹಳೇ ಜಾಗದಲ್ಲೇ ಉಳಿದಿರುತ್ತವೆ, ಮರ ಹೋದದ್ದು ಗೊತ್ತಿಲ್ಲದೆ.

ಆದ್ದರಿಂದ ಎತ್ತುವ ಮೊದಲೇ ಬುಡದ ಹತ್ತಿರ ಹೊಸ ಬಿಳಿ ಬೇರು ಬರಿಸಿಕೊಳ್ಳಬೇಕು. ಮರದ ಸುತ್ತ ಒಂದು ವೃತ್ತ ಎಳೆದು ನಾಲ್ಕು ಪಾಲು ಮಾಡಿದೆ. ಎದುರುಬದುರಿನ ಎರಡು ಪಾಲುಗಳಲ್ಲಿ ಮಾತ್ರ ಕಂದಕ ತೋಡಿಸಿದೆ. ಸಿಕ್ಕ ಬೇರುಗಳನ್ನು ಜಗ್ಗಿ ಹರಿಯದೆ ಹರಿತವಾದ ಗರಗಸದಿಂದ ನುಣ್ಣಗೆ ಕೊಯ್ಯಿಸಿದೆ. ಕಂದಕವನ್ನು ಮರಳು ಮತ್ತು ಕೊಳೆತ ಎಲೆಗೊಬ್ಬರ ಬೆರೆಸಿ ಮುಚ್ಚಿಸಿದೆ. ಕೊಯ್ದ ತುದಿ ಮೊದಲು ಗಂಟು ಕಟ್ಟುತ್ತದೆ, ಆಮೇಲೆ ಅಲ್ಲಿಂದ ಹೊಸ ಬೇರು ಹೊರಡುತ್ತದೆ. ಅಷ್ಟರವರೆಗೆ ಉಳಿದೆರಡು ಪಾಲಿನ ಹಳೇ ಬೇರು ಮರವನ್ನು ಸಾಕುತ್ತದೆ. ಕೆಲವು ತಿಂಗಳ ನಂತರ ಆ ಎರಡು ಪಾಲಿನ ಸರದಿ. ಕೊನೆಗೆ ತಾಯಿಬೇರು ಕೊಯ್ದು, ಮುದ್ದೆಗೆ ಗೋಣಿತಟ್ಟು ಸುತ್ತಿ, ಸುತಳಿ ಬಿಗಿದು ಎತ್ತುವುದು. ಗೋಣಿತಟ್ಟು, ಸುತಳಿಗಳನ್ನು ಬೇಗಂ ಬಜಾರಿನಿಂದ ನಾನೇ ಆರಿಸಿ ತಂದಿಟ್ಟಿದ್ದೆ.

ಈ ಪದ್ಧತಿಯಲ್ಲಿ ಒಂದೇ ದೋಷ. ತಿಂಗಳುಗಟ್ಟಲೆ ನೋಡುವವರ ಕಣ್ಣಿಗೆ ಏನೂ ಕಾಣುವುದಿಲ್ಲ.

ಶ್ರಾವಣ ಬಂತು. ಅರಳಿ ಚಿಗುರಿತು. ಅರಳಿಯ ಚಿಗುರು ತಾಮ್ರದ ಬಣ್ಣದ್ದು. ಬೆಳಗಿನ ಬಿಸಿಲಿನಲ್ಲಿ ಇಡೀ ಮರ ಉಜ್ಜಿಟ್ಟ ಪೂಜೆ ಪಾತ್ರೆಯಂತೆ ಹೊಳೆಯುತ್ತಿತ್ತು. ಜನ ನಿಂತು ನೋಡಿದರು. ಬುಡಕ್ಕೊಂದು ದುಂಡನೆಯ ಕಟ್ಟೆ ಎದ್ದಿತು, ಅದಕ್ಕೆ ಸುಣ್ಣ ಕೆಮ್ಮಣ್ಣು ಪಟ್ಟೆ ಬಿತ್ತು. ಶನಿವಾರ ಬೆಳಿಗ್ಗೆ ಕಾಲೋನಿಯ ಹೆಂಗಸರು ತಂಬಿಗೆ ನೀರು, ಅರಿಶಿನ, ಹಸಿದಾರ ಹಿಡಿದು ಪ್ರದಕ್ಷಿಣೆ ಶುರುಮಾಡಿದರು. ಮೊದಲು ಶನಿವಾರಕ್ಕೊಮ್ಮೆ, ಆಮೇಲೆ ದಿನಾಲೂ.

ಕಂದಕದ ಪಕ್ಕ ನಿಂತ ನನ್ನನ್ನು ದಾರಿಹೋಕರು ಮಾತಾಡಿಸುತ್ತಿದ್ದ ರೀತಿಯೇ ಬೇರೆ.

"ಏನ್ರಿ, ನಿಮ್ಮ ಗಿಡ ಇನ್ನಾ ಇಲ್ಲೇ ಐತಿ?" ಎಂದು ಬೀದರಿನ ಫಿಟ್ಟರ್ ಒಬ್ಬರು ದಿನಾ ಡ್ಯೂಟಿಗೆ ಹೋಗುವಾಗ ಕೇಳುವರು.

"ಬೇರು ಬರಾಕತ್ತಾವರಿ."

"ಕಾಣವಲ್ಲವಲ್ರಿ?"

"ಮಣ್ಣಾಗ ಬರತಾವರಿ. ಅದು ಅವುಗಳ ರೂಢಿ."

ಒಂದು ಶನಿವಾರ ಬೆಳಿಗ್ಗೆ ನನ್ನ ಹೆಂಡತಿ ಮಡಿಸೀರೆ ಉಟ್ಟು, ತಾಮ್ರದ ತಂಬಿಗೆ ತುಂಬಿಕೊಂಡು ಹೊರಟದ್ದನ್ನು ನೋಡಿದೆ. ಎಲ್ಲಿಗೆಂದು ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದೆ.

"ಅರಳಿ ಗಿಡಕ್ಕ."

"ಅವರ ಗಿಡಕ್ಕ?"

"ದೇವರ ಗಿಡಕ್ಕರಿ. ನಿಮ್ಮ ಬೇವಿಗೆ ಹೆಂಗ ಸುತ್ತಬೇಕು? ಎರಡೂ ಕಡೆ ತೆಗ್ಗು ತೋಡಿಸಿ ಉಸುಕು ತುಂಬೀರಿ. ಕಾಲ ಹುಗದ್ರ ಮುರೀತದ."

ಇತಿಹಾಸದಲ್ಲಿ ಅನೇಕ ಅರಸರು ಸ್ವಂತ ಅರಮನೆಯವರೇ ಶತ್ರುಪಾಳೆಯಕ್ಕೆ ನಡೆದುಹೋಗುವುದನ್ನು ಕಂಡಿದ್ದಾರೆ. ಆದರೆ ಅವರ ತಂಬಿಗೆಯಲ್ಲೇ ನೀರು ತುಂಬಿಕೊಂಡು ಹೋದ ಉದಾಹರಣೆ ನನಗೆ ತಿಳಿದಂತೆ ಇಲ್ಲ.

ಹೊಟ್ಟೆಕಿಚ್ಚಿನ ಒಂದು ಪ್ರಯೋಜನವೆಂದರೆ ಅದು ಮನುಷ್ಯನನ್ನು ದಿನಾ ಒಂದೇ ಜಾಗಕ್ಕೆ ಕರೆದೊಯ್ಯುತ್ತದೆ. ಡ್ಯೂಟಿ ಮುಗಿಸಿ ಸೈಕಲ್ಲನ್ನು ಉದ್ಯಾನದ ಕಡೆಯಿಂದಲೇ ತಿರುಗಿಸುತ್ತಿದ್ದೆ, ಆ ಮರದಲ್ಲಿ ಒಂದು ಕೊರತೆಯಾದರೂ ಸಿಕ್ಕೀತೇ ಎಂದು. ದಸರೆಯ ಹೊತ್ತಿಗೆ ನನ್ನ ಬೇವಿನ ಇನ್ನೆರಡು ಪಾಲು ಕೊಯ್ದಾಗಿತ್ತು. ದೀಪಾವಳಿ ಕಳೆಯುವಷ್ಟರಲ್ಲಿ ಅರಳಿಯಲ್ಲಿ ಕೊರತೆ ಸಿಕ್ಕಿತು. ಎರಡನೇ ಸುತ್ತಿನ ಎಲೆಗಳು ಅಂಗೈಯಷ್ಟು ಇರಬೇಕಾದವು ಕಿರುಬೆರಳಷ್ಟಕ್ಕೇ ನಿಂತಿದ್ದವು. ಹಳೇ ಎಲೆಗಳ ಅಂಚು ಹಳದಿ. ಬುಡದ ಮಣ್ಣು ತುಳಿದು ತುಳಿದು ಅಂಗಳದಂತೆ ಗಟ್ಟಿಯಾಗಿ, ಅದರ ಮೇಲೆ ಅರಿಶಿನದ ನೀರು ಇಂಗದೆ ನಿಂತಿತ್ತು. ಕೈಯಲ್ಲಿದ್ದ ಕಬ್ಬಿಣದ ಸಲಾಕೆಯನ್ನು ಕಟ್ಟೆಯೊಳಗೆ ಇಳಿಸಿ ಮೇಲಕ್ಕೆ ಎಳೆದು ಮೂಸಿದೆ. ಮುಚ್ಚಿದ ಮೋರಿಯ ವಾಸನೆ.

ಬೇರಿಗೆ ನೀರು ಬೇಕು ಎಂಬುದು ಎಲ್ಲರಿಗೂ ಗೊತ್ತು. ಬೇರು ಉಸಿರಾಡುತ್ತದೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ಮಣ್ಣಿನ ಕಣಗಳ ನಡುವಿನ ಸಂದಿನಲ್ಲಿರುವ ಗಾಳಿಯೇ ಅದರ ಉಸಿರು. ಆ ಸಂದುಗಳನ್ನೆಲ್ಲ ನೀರು ತುಂಬಿದರೆ ಬೇರು ಮುಳುಗಿ ಸಾಯುತ್ತದೆ, ಮನುಷ್ಯ ಬಾವಿಯಲ್ಲಿ ಸತ್ತ ಹಾಗೆ. ಹೈದರಾಬಾದಿನ ನೆಲ ಮೇಲೆ ಮೊರಂ ಎಂಬ ಗರಸು ಮಣ್ಣು, ಕೆಳಗೆ ಬಂಡೆ. ಅದರಲ್ಲಿ ತೋಡಿದ ಗುಂಡಿ ಎಂದರೆ ಕಲ್ಲಿನ ಬಾನಿ; ತಳದಲ್ಲಿ ನೀರು ಹೋಗಲು ದಾರಿ ಮಾಡದಿದ್ದರೆ ಸುರಿದದ್ದೆಲ್ಲ ಅಲ್ಲೇ. ಮಳೆಗಾಲದ ನೀರು, ಅದರ ಮೇಲೆ ಭಕ್ತಿಯ ನೀರು. ಹಾಗಾದರೆ ಆ ತಾಮ್ರದ ಚಿಗುರು? ಅದು ಬೇರಿನ ದುಡಿಮೆಯಲ್ಲ, ಕಾಂಡದಲ್ಲಿ ಕೂಡಿಟ್ಟ ಹಳೇ ಆಹಾರದ ಖರ್ಚು. ಎಲೆ ಬಂತೆಂದರೆ ಬೇರು ಬಂತು ಎಂದರ್ಥವಲ್ಲ.

ನನಗೆ ಸಂತೋಷವಾಯಿತು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ತಿಂದೆ. ನಾನು ಸುಮ್ಮನಿದ್ದರೆ ಸಾಕು. ಸಂಕ್ರಾಂತಿಯ ಹೊತ್ತಿಗೆ ಅರಳಿ ಒಣಗುತ್ತದೆ, ಸಾಲುಮರ ನನ್ನ ಕೈಗೆ ಬರುತ್ತದೆ. ಊಟ ಮುಗಿಸಿ ಕೈ ತೊಳೆಯುವಾಗ ಇದರಲ್ಲೊಂದು ತೊಡಕು ಕಂಡಿತು. ಮರ ಒಣಗಿದ ಮೇಲೂ ಸಂಜೆ ನಾನು ಅದೇ ದಾರಿಯಲ್ಲಿ ಸೈಕಲ್ ತುಳಿಯಬೇಕು. ಒಣಗಿದ ಮರ ಒಂದೇ ಸಲಕ್ಕೆ ಬೀಳುವುದಿಲ್ಲ. ವರ್ಷಗಟ್ಟಲೆ ನಿಂತಿರುತ್ತದೆ. ಏಕೆ ಒಣಗಿತು ಎಂದು ಕಾಲೋನಿಯಲ್ಲಿ ನನಗೊಬ್ಬನಿಗೇ ಗೊತ್ತಿರುತ್ತದೆ.

ಮರುದಿನ ಬೆಳಿಗ್ಗೆ ಮೈಸೂರಿನವರ ಗುಲಾಬಿ ಪಾತಿಯ ಹತ್ತಿರ ಹೋದೆ. ಕುರ್ಚಿ ಹಾಕಿಸಿದರು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು.

"ನಿಮ್ಮ ಗಿಡದ ಬೇರು ಕೊಳೀಲಿಕ್ಕತ್ತೈತ್ರಿ," ಎಂದೆ.

ಅವರು ನಕ್ಕರು. "ಸಾರ್, ಮೈತುಂಬ ಎಲೆ ಇದೆ."

"ಎಲಿ ಗಂಟಿನ ರೊಕ್ಕದಾಗ ಬಂದೈತಿ. ದುಡಿಮಿ ನಿಂತೈತಿ. ನೀರು ನಿಲ್ಲಸ್ರಿ, ಒಂದ ಕಡೆ ಅಗದು ನೋಡ್ರಿ."

"ಕಾರ್ತೀಕ ಮಾಸದಲ್ಲಿ ಅಶ್ವತ್ಥದ ಬುಡ ಅಗೀತೀನಿ ಅಂದ್ರೆ ಹೆಂಗಸ್ರು ನನ್ನನ್ನೇ ಹೂಳ್ತಾರೆ." ಕಪ್ಪು ಕೆಳಗಿಟ್ಟು, ದನಿ ತಗ್ಗಿಸಿದರು. "ಬೇಜಾರ್ ಮಾಡ್ಕೋಬೇಡಿ ಸಾರ್. ನಿಮಗೆ ಸ್ವಲ್ಪ ಹೊಟ್ಟೆಕಿಚ್ಚು ಅಂತ ಎಲ್ಲರೂ ಅಂತಾರೆ."

"ಐತಿ. ಸ್ವಲ್ಪ ಅಲ್ಲ, ಭಾಳ ಐತಿ. ಆದ್ರ ನನ್ನ ಹೊಟ್ಟಿ ಉರಿಯೂದಕ್ಕೂ ನಿಮ್ಮ ಬೇರು ಕೊಳಿಯೂದಕ್ಕೂ ಸಂಬಂಧಿಲ್ಲರಿ."

ಅವರು ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಹೊಟ್ಟೆಕಿಚ್ಚಿನವನ ಬಾಯಲ್ಲಿ ನಿಜ ಬಂದರೆ ಅದಕ್ಕೆ ಸಾಕ್ಷಿ ಬೇಕಾಗುತ್ತದೆ. ಆಗ ನನ್ನಿಂದ ಒಂದು ಮಾತು ಹೊರಬಿತ್ತು. ಅದನ್ನು ಯೋಚಿಸಿ ಆಡಿದೆ ಎಂದು ಹೇಳಲಾರೆ.

"ಹಂಗಾರ ಸಾಹೇಬರ ಮುಂದ ಎರಡೂ ಅಗಿಯೂಣ. ಮೊದಲ ನಂದು, ಆಮ್ಯಾಲ ನಿಮ್ದು."

ಬೇರನ್ನು ನೋಡಬೇಕೆಂದರೆ ಬೇರನ್ನು ಕೆಡಿಸಬೇಕು. ಬೇರಿನ ವಿದ್ಯೆಯ ದೊಡ್ಡ ದುರ್ದೈವ ಅದು. ಮೊದಲು ಕೊಯ್ದ ಎರಡು ಪಾಲಿನಲ್ಲಿ ಬಂದಿರಬಹುದಾದ ಹೊಸ ಬೇರಿನ ಮೇಲೇ ನನ್ನ ಬೇವಿನ ಬದುಕು ನಿಂತಿತ್ತು. ಅದನ್ನೇ ನಾನು ತೆರೆಯಲು ಹೊರಟಿದ್ದೆ. ಬಂದಿದ್ದರೆ ಒಂದಷ್ಟು ಹಾಳು. ಬಂದಿರದಿದ್ದರೆ, ನಾಲ್ಕೂ ಪಾಲು ಕೊಯ್ದ ಮರ, ತಿಂಗಳುಗಟ್ಟಲೆ ಮಾಡಿದ ಉಪನ್ಯಾಸ, ಎರಡೂ ಸಾಹೇಬರ ಎದುರಿಗೇ ನೆಲಕ್ಕೆ.

ಸಾಹೇಬರ ಅಪ್ಪಣೆ ಇದ್ದರೆ ಹೆಂಗಸರ ಹೆದರಿಕೆ ಇಲ್ಲವೆಂದು ಮೈಸೂರಿನವರು ಒಪ್ಪಿದರು. ಸಾಹೇಬರು ಬಂದರು. ಕೊಡೆ ಮಡಚಿ ಕಂದಕದ ಅಂಚಿಗೆ ಕೂತರು. ಸಲಿಕೆ ಬೇಡವೆಂದು ನಾನೇ ಮೊಣಕಾಲೂರಿ ಕೈಯಿಂದ ಮರಳು ಸರಿಸತೊಡಗಿದೆ. ಒಂದು ಗೇಣು ಇಳಿದೆ, ಏನಿಲ್ಲ. ಇನ್ನೊಂದು ಗೇಣು, ಕೊಯ್ದ ದಪ್ಪ ಬೇರಿನ ತುದಿ ಸಿಕ್ಕಿತು; ಗಂಟು ಕಟ್ಟಿತ್ತು, ಅಷ್ಟೇ.

"ಇದೇನಾ?" ಎಂದರು ಸಾಹೇಬರು.

ನಾನು ಗಂಟಿನ ಕೆಳಭಾಗಕ್ಕೆ ಬೆರಳು ತೂರಿಸಿದೆ. ಬೆರಳಿಗೆ ಏನೋ ತೊಡರಿತು. ಮೆಲ್ಲಗೆ ಮರಳು ಉದುರಿಸಿದಾಗ ಅಲ್ಲಿಂದ ಕುಂಚದಂತೆ ಹೊರಟಿದ್ದ ಬಿಳಿ ಬೇರುಗಳು ಕಂಡವು, ಹಸಿ ಶಾವಿಗೆಯಂತೆ. ಒಂದನ್ನು ಎತ್ತಿ ಅಲುಗಿಸಿದೆ. ತುದಿಯ ಮರಳು ಉದುರಿತು, ಹಿಂದಿನ ಮರಳು ಉದುರಲಿಲ್ಲ. ರೋಮ ಅದನ್ನು ಹಿಡಿದುಕೊಂಡಿತ್ತು. ಸಾಹೇಬರು ಕನ್ನಡಕ ಹಣೆಗೇರಿಸಿ ನೋಡಿದರು. ನಾನು ಬೇಗಬೇಗನೆ ಮುಚ್ಚಿ ನೀರು ಚಿಮುಕಿಸಿದೆ.

ಅಲ್ಲಿಂದ ಉದ್ಯಾನಕ್ಕೆ. ಕಟ್ಟೆಯ ಎರಡು ಕಲ್ಲು ತೆಗೆಸಿ ಅಗೆಸಿದಾಗ ಮೊದಲು ಬಂದದ್ದು ವಾಸನೆ. ಸಾಹೇಬರು ಕರವಸ್ತ್ರ ಹಿಡಿದರು. ಆಮೇಲೆ ಬಂದದ್ದು ನೀರು. ಆಮೇಲೆ ಬೇರು, ಕರ್ರಗೆ. ಮೈಸೂರಿನವರೇ ಬಗ್ಗಿ ಒಂದನ್ನು ಹಿಡಿದು ಎಳೆದರು. ಬೇರಿನ ಹೊರಗಿನ ಸಿಪ್ಪೆ ಕಾಲುಚೀಲ ಕಳಚಿದಂತೆ ಅವರ ಕೈಗೆ ಬಂತು. ಒಳಗಿನ ನಾರು ದಾರದಂತೆ ಮಣ್ಣಿನಲ್ಲೇ ಉಳಿಯಿತು. ಆ ಒಳನಾರು ನೀರು ಸಾಗಿಸುವ ಕೊಳವೆ. ಅದರ ಸುತ್ತ ಇದ್ದು ಅದಕ್ಕೆ ನೀರು ತಂದುಕೊಡುವ ಭಾಗ ಕೊಳೆತು ಸಿಪ್ಪೆಯಾಗಿತ್ತು.

ಅವರು ಆ ಸಿಪ್ಪೆಯನ್ನು ಅಂಗೈಯಲ್ಲಿಟ್ಟುಕೊಂಡೇ ಎದ್ದು ನಿಂತರು. "ಸಾರ್, ತಪ್ಪು ನಂದು. ಗುಂಡಿಗೆ ದಾರಿ ಮಾಡಿಸಿಲ್ಲ. ಇವರು ಬಂದು ಹೇಳಿದ್ರು, ನಾನು ಕೇಳಲಿಲ್ಲ. ಈಗ ಇವರು ಹೇಳಿದ ಹಾಗೆ ಮಾಡ್ತೀನಿ."

ಹತ್ತು ಜನರ ಮುಂದೆ, ದನಿ ನಡುಗಿಸದೆ, ನೆಪ ಹೇಳದೆ. ಸಾಹೇಬರ ಮುಖದಲ್ಲಿ ಮೆಚ್ಚುಗೆ ಕಂಡಿತು. ನನ್ನ ಬಿಳಿ ಬೇರು ನೋಡಿದಾಗಲೂ ಆ ಮಟ್ಟದ ಮೆಚ್ಚುಗೆ ಕಂಡಿರಲಿಲ್ಲ. ತಪ್ಪು ಒಪ್ಪಿಕೊಳ್ಳುವುದರಲ್ಲೂ ಈ ಮನುಷ್ಯ ನನಗಿಂತ ಮುಂದೆ ಎಂದು ಹೊಟ್ಟೆಯಲ್ಲಿ ಹೊಸ ಉರಿ ಎದ್ದಿತು.

ಗುಂಡಿಯ ತಗ್ಗಿನ ಬದಿಯಿಂದ ಬಂಡೆಯ ಅಂಚನ್ನು ಒಡೆದು ನೀರಿಗೆ ದಾರಿ ಬಿಡಿಸಿದೆವು. ಕಾಲುವೆಗೆ ಜಲ್ಲಿ ತುಂಬಿಸಿದೆವು. ಕೊಳೆತ ಬೇರನ್ನು ಜೀವ ಇರುವಲ್ಲಿಯವರೆಗೆ ಕೊಯ್ದು, ಹಳೇ ಮಣ್ಣು ತೆಗೆದು ಮರಳು ಕೂಡಿಸಿದೆವು. ಗಾಳಿಗಾಗಿ ತೂತು ಕೊರೆದ ಕೊಳವೆಗಳನ್ನು ನಿಲ್ಲಿಸಿದೆವು. ಉಳಿದ ಬೇರು ಸಾಕಬಲ್ಲಷ್ಟು ಮಾತ್ರ ಎಲೆ ಇರಬೇಕು. ಕೊಂಬೆಗಳನ್ನು ಅರ್ಧಕ್ಕಿಂತ ಹೆಚ್ಚು ಕಡಿಸಿದೆ. ಪೂಜೆ ಪಾತ್ರೆ ಹೋಗಿ ಮುರುಕು ಛತ್ರಿ ಉಳಿಯಿತು.

ಹೆಂಗಸರು ಮಾತ್ರ ನಿಲ್ಲಲಿಲ್ಲ. ನೀರು ಹಾಕಬೇಡಿ ಎಂಬ ಆಫೀಸಿನ ಬೋರ್ಡಿಗೇ ಕುಂಕುಮ ಹಚ್ಚಿ ಒಳಗೆ ಹೋದರು. ಅದನ್ನು ನಿಲ್ಲಿಸಿದವಳು ನನ್ನ ಹೆಂಡತಿ. ಕಟ್ಟೆಯ ಮುಂದೆ ನಿಂತು, ತೆಲುಗಿನವರಿಗೆ ತೆಲುಗಿನಲ್ಲಿ, ನಮ್ಮವರಿಗೆ ಕನ್ನಡದಲ್ಲಿ ಹೇಳಿದಳು: "ಗಿಡ ಬಾಣಂತಿ ಐತ್ರೆವ್ವಾ. ಹಸಿಮೈ. ಬಾಣಂತಿ ಮೈಮ್ಯಾಲ ಮುಂಜಾನೆ ಎದ್ದು ತಣ್ಣೀರು ಸುರೀತೀರೇನು? ದೂರದಿಂದ ಕೈ ಮುಗದು ಹೋಗ್ರಿ." ಮರುದಿನದಿಂದ ಜನ ಬೇಲಿಯಾಚೆ ನಿಂತು ಕೈ ಮುಗಿದರು.

"ನನ್ನ ಬೇವಿಗೆ ಒಂದ ದಿನಾ ಇಷ್ಟು ಮಾತಾಡಲಿಲ್ಲಲ್ಲ ನೀ," ಎಂದೆ.

"ಅದಕ್ಕೇನಾಗೇದರಿ, ಗಟ್ಟಿ ಐತಲ್ಲ," ಎಂದಳು.

ಸಾಹೇಬರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಬೇವನ್ನು ಗೋಣಿತಟ್ಟಿನಲ್ಲಿ ಸುತ್ತಿ ಎತ್ತಿ ಹೊಸ ಜಾಗದಲ್ಲಿ ನಿಲ್ಲಿಸಿದ ಮರುವಾರ ಇಬ್ಬರನ್ನೂ ಕರೆಸಿದರು.

"ರಸ್ತೆ ಒಂದು ವರ್ಷ ಕಾಯಲಿ, ನಾನು ಮೇಲಿನವರಿಗೆ ಹೇಳ್ತೀನಿ. ಸಾಲುಮರಕ್ಕೆ ಈ ನಾಲ್ಕು ಪಾಲಿನ ಪದ್ಧತಿಯೇ ಆಗಲಿ." ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. "ಉಸ್ತುವಾರಿ ಇವರದು," ಎಂದು ಮೈಸೂರಿನವರ ಕಡೆ ತೋರಿಸಿದರು. "ಕ್ರೇನಿನವರು, ಕಂಟ್ರಾಕ್ಟರು, ಕಾಲೋನಿ ಜನ, ಎಲ್ಲ ಇವರ ಮಾತು ಕೇಳ್ತಾರೆ. ತಪ್ಪಾದರೆ ಬಂದು ಹೇಳ್ತಾರೆ ಅನ್ನೋ ನಂಬಿಕೆನೂ ಬಂದಿದೆ. ಗಟ್ಟಿ ಮರಕ್ಕೆ ನೀವು ಬೇಕಿಲ್ಲ; ನಿಮಗೆ ರೋಗದ ಬೇರು ಗೊತ್ತಾಗುತ್ತೆ. ಅರಳಿ ನೀವು ತಗೊಳ್ಳಿ."

ಮೈಸೂರಿನವರು ಹೊರಗೆ ಬಂದು, "ಸಾರ್, ನಿಮ್ಮನ್ನ ಕೇಳದೆ ಒಂದು ಸಲಿಕೆನೂ ಹಾಕಿಸಲ್ಲ," ಎಂದರು. ಆ ಮಾತಿಗೆ ತಪ್ಪಲೂ ಇಲ್ಲ. ಪ್ರತಿ ಮರಕ್ಕೂ ಬಂದು ಕೇಳಿದರು, ಪ್ರತಿ ಸಲ ಕಾಫಿ ಕೊಟ್ಟರು.

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಸಾಲು ಪೂರ್ತಿ ಸಾಗಿತ್ತು. ಮೂರು ಹೊಂಗೆ ಒಣಗಿದವು, ಉಳಿದವೆಲ್ಲ ಬದುಕಿವೆ. ಬೇವು ಬದುಕಿದೆ. ಅರಳಿ ಹೊಸ ಬೇರು ಬಿಟ್ಟಿದೆ. ಅದರ ಉಸ್ತುವಾರಿ ನನ್ನದು.